ಕತ್ತಿ ಮಸೆಯುವ ಗೆಳೆಯರು

ಕನ್ನಡದಲ್ಲಿ ಇಬ್ಬರು ಕತ್ತಿ ಮಸೆಯುತ್ತಿದ್ದಾರೆ ಎಂದರೆ ಅವರಿಬ್ಬರಿಗೂ ಆಗಿಬರುವುದಿಲ್ಲ ಎಂದರ್ಥ. ನಂಬಿದವನು ಕೈಕೊಟ್ಟರೆ ಬೆನ್ನಿಗೆ ಚೂರಿ ಹಾಕಿದ ಎನ್ನುತ್ತೇವೆ. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಕೆಳಗಿಡಬೇಕು, ಅವರು ಎತ್ತಿಕೊಳ್ಳಬೇಕು, ಇಲ್ಲದಿದ್ದರೆ ಜಗಳವಾಗುತ್ತದೆ ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ನಿಮ್ಮ ಮನೆಯಲ್ಲೂ ಹೇಳಿರಬಹುದು. ಭಾಷೆಯನ್ನು ಕೇಳಿದರೂ ಹಿರಿಯರನ್ನು ಕೇಳಿದರೂ ಕತ್ತಿಗೂ ಸ್ನೇಹಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಹೀಗಿರುವಾಗ ನಾನು ಹತ್ತು ವರ್ಷದಿಂದ ಗುಜರಾತಿನಲ್ಲಿ ಇನ್ನೂ ನಾಲ್ಕು ಜನರ ಜೊತೆ ಕೂತು ಅಕ್ಷರಶಃ ಕತ್ತಿ ಮಸೆಯುತ್ತಿದ್ದೇನೆ. ಕತ್ತಿ ಎಂದರೆ ಜೇಬಿನಲ್ಲಿ ಮಡಚಿಟ್ಟುಕೊಳ್ಳುವ ಸಣ್ಣ ಚಾಕು. ಗುಜರಾತಿಯಲ್ಲಿ ಅದಕ್ಕೆ ಚಪ್ಪು ಎನ್ನುತ್ತಾರೆ.

ಐವರಲ್ಲಿ ಒಬ್ಬರು ಅಹಮದಾಬಾದಿನ ಮಣಿನಗರದವರು, ಬ್ಯಾಂಕಿನಿಂದ ನಿವೃತ್ತರು, ಎಲ್ಲರಿಗೂ ಕಾಕಾ. ಇನ್ನೊಬ್ಬ ಸೂರತ್‌ನಲ್ಲಿ ಪವರ್‌ಲೂಮ್ ಬಿಡಿಭಾಗಗಳ ವ್ಯಾಪಾರಿ. ಮತ್ತೊಬ್ಬರು ವಡೋದರದಲ್ಲಿ ಪಂಪಿನ ಕಾರ್ಖಾನೆಯೊಂದರ ಇಂಜಿನಿಯರು, ಮೂಲ ಧಾರವಾಡದ ಕಡೆಯವರು, ಬೇವಿನ ಮರದ ಚಮಚ ಕೆತ್ತುವ ಹುಚ್ಚಿನವರು. ನಾಲ್ಕನೆಯವನು ಅಹಮದಾಬಾದಿನ ಹಳೇ ಪೇಟೆಯಲ್ಲಿ ದರ್ಜಿಗಳ ಕತ್ತರಿಗೆ ಸಾಣೆ ಹಿಡಿಯುವವನು. ಐದನೆಯವನು ನಾನು, ಸಾಗರದ ಕಡೆಯ ಅಡಿಕೆ ತೋಟದಿಂದ ಹೊರಟು ಎಂಟೆಕ್ ಮುಗಿಸಿ, ಈಗ ಉಳಿದವರ ಡೆಡ್‌ಲೈನುಗಳನ್ನು ಕಾಯುವುದೇ ಉದ್ಯೋಗವಾಗಿರುವವನು. ಮೂರೂ ಊರು ಒಂದೇ ರೈಲುದಾರಿಯ ಮೇಲಿರುವುದರಿಂದ ತಿಂಗಳಿಗೊಂದು ಭಾನುವಾರ ಎಲ್ಲಾದರೂ ಒಂದು ಕಡೆ ಸೇರುತ್ತೇವೆ. ಸೇರಿ ಏನು ಮಾಡುತ್ತೀರಿ ಎಂದು ನನ್ನ ತಂಡದ ಹುಡುಗರು ಕೇಳುತ್ತಾರೆ. ಪೇರಲೆ ಹಣ್ಣು ಕೊಯ್ದು ಉಪ್ಪುಖಾರ ಹಚ್ಚಿ ತಿನ್ನುತ್ತೇವೆ ಎಂದರೆ ನಗುತ್ತಾರೆ. ಅದಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ ಎಂಬುದು ನಿಜ.

ಈ ಸುಖ ಏನೆಂದು ಹೇಳುವುದು ಕಷ್ಟ, ಆದರೂ ಪ್ರಯತ್ನಿಸುತ್ತೇನೆ. ಹಳೇ ಮಾದರಿಯ ಜೇಬುಚಾಕುವಿಗೆ ಬೀಗವಿಲ್ಲ. ಹಿಡಿಯ ಬೆನ್ನಿನಲ್ಲಿ ಒಂದು ಉಕ್ಕಿನ ಪಟ್ಟಿ ಸ್ಪ್ರಿಂಗಿನಂತೆ ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ. ಬಿಚ್ಚಿದಾಗ ಟಕ್ ಎನ್ನುತ್ತದೆ, ಮಡಚಿದಾಗ ಇನ್ನೊಂದು ಟಕ್. ಎರಡು ಸದ್ದೂ ಒಂದೇ ಅಲ್ಲ, ಚಾಕುವಿನಿಂದ ಚಾಕುವಿಗೂ ಬೇರೆ. ಸ್ಟೇನ್‌ಲೆಸ್ ಅಲ್ಲದ ಹಳೇ ಕಾರ್ಬನ್ ಉಕ್ಕಿನ ಅಲಗಾದರೆ ಅದು ಬಳಕೆಯ ದಿನಚರಿ ಬರೆದುಕೊಳ್ಳುತ್ತದೆ. ಮಾವಿನಕಾಯಿ ಕೊಯ್ದರೆ ನೀಲಿ ಛಾಯೆ, ಬಾಳೆಕಾಯಿ ಕೊಯ್ದರೆ ಕಪ್ಪು. ಅಡಿಕೆಯ ಒಗರಿಗೂ ಕಬ್ಬಿಣಕ್ಕೂ ಸೇರಿದರೆ ಆಗುವುದು ಒಂದು ಬಗೆಯ ಮಸಿಯೇ. ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮೂರ ಹೆಂಗಸರ ಬೆರಳುಗಳು ತಿಂಗಳುಗಟ್ಟಲೆ ಕಪ್ಪಾಗಿರುತ್ತಿದ್ದುದು ಹಾಗೆ. ಒಬ್ಬರ ಚಾಕು ನೋಡಿದರೆ ಆ ತಿಂಗಳು ಅವರ ಮನೆಯಲ್ಲಿ ಏನೇನು ತಂದಿದ್ದರು ಎಂದು ಕಾಕಾ ಹೇಳುತ್ತಾರೆ. ಹತ್ತಕ್ಕೆ ಆರು ಸಲ ಸರಿಯಾಗಿರುತ್ತದೆ.

ಇದು ವಿದೇಶಿ ಶೋಕಿ ಎಂದುಕೊಳ್ಳಬೇಡಿ. ಹೊರಗಿನ ಹೆಸರುಗಳು ನಮಗೂ ಗೊತ್ತು. ಫ್ರಾನ್ಸಿನ ಸವಾಯ್ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೈತರಿಗೆಂದು ಮಾಡಿದ ಮರದ ಹಿಡಿಯ ಚಾಕು ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ಇದೆ. ಕಾರ್ಲ್ ಎಲ್ಸೆನರ್ 1897ರಲ್ಲಿ ನೋಂದಾಯಿಸಿದ ಸ್ವಿಸ್ ಚಾಕು ನಮ್ಮಲ್ಲಿ ಅಮೆರಿಕಕ್ಕೆ ಹೋಗಿಬಂದ ಅಳಿಯಂದಿರೆಲ್ಲ ತಂದುಕೊಟ್ಟದ್ದೇ. ಆದರೆ ಕಚ್ಛ್ ಪ್ರದೇಶದ ಭುಜ್ ಹತ್ತಿರದ ರೇಹಾ, ಇತ್ತ ಅಂಜಾರ್, ಇವು ತಲೆಮಾರುಗಳಿಂದ ಚಪ್ಪು ಮತ್ತು ಸೂಡಿಗೆ ಹೆಸರಾದ ಊರುಗಳು. ಸೂಡಿ ಎಂದರೆ ನಮ್ಮ ಅಡಕತ್ತರಿ. ಜಾಮ್‌ನಗರದ್ದೂ ಪ್ರಸಿದ್ಧ. 2001ರ ಜನವರಿ 26ರ ಭೂಕಂಪದಲ್ಲಿ ಅಂಜಾರ್ ನೆಲಸಮವಾದಂತೆಯೇ ಆಯಿತು, ಗಣರಾಜ್ಯೋತ್ಸವದ ಮೆರವಣಿಗೆಗೆ ಹೊರಟಿದ್ದ ಶಾಲಾಮಕ್ಕಳು ಬೀದಿಯಲ್ಲೇ ತೀರಿಕೊಂಡರು. ಆ ಊರಿನ ಹೆಸರು ಕೆತ್ತಿದ ಹಳೇ ಸೂಡಿಯೊಂದನ್ನು ಕೈಗೆ ತೆಗೆದುಕೊಂಡರೆ ಅದೂ ನೆನಪಾಗದೆ ಇರುವುದಿಲ್ಲ. ಅಹಮದಾಬಾದಿನ ವಿಶಾಲಾದಲ್ಲಿ ಸುರೇಂದ್ರ ಪಟೇಲರು 1981ರಲ್ಲಿ ತೆರೆದ ಪಾತ್ರೆಗಳ ಸಂಗ್ರಹಾಲಯದಲ್ಲಿ ಸೂಡಿಗಳೂ ಇವೆ, ಊಟಕ್ಕೆ ಹೋದವರು ಅರ್ಧ ಗಂಟೆ ಬೇಗ ಹೋಗಿ ನೋಡಿ. ಇನ್ನು ಸಾಬರಮತಿಯ ದಂಡೆಯಲ್ಲಿ ಎಲ್ಲಿಸ್ ಬ್ರಿಜ್ ಬಳಿ ಭಾನುವಾರ ಸೇರುವ ಗುಜರಿ ಬಜಾರ್. ಹೆಸರಿಗೆ ತಕ್ಕಂತೆ ನಮ್ಮೂರ ಗುಜರಿ ಅಂಗಡಿಯ ಮಾಲೇ. ಅಲ್ಲಿ ತುಕ್ಕು ಹಿಡಿದ ಚಾಕುಗಳ ರಾಶಿ ಕೆದಕುತ್ತಿದ್ದಾಗಲೇ ನಾವು ಒಬ್ಬರಿಗೊಬ್ಬರು ಸಿಕ್ಕಿದ್ದು.

ನಾನು ಸೂಡಿಯನ್ನು ಮೊದಲ ಸಲ ನೋಡಿ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಮಾತು ಹೇಳಿದಾಗ ಕಾಕಾ ಕೂತಲ್ಲೇ ಕುಪ್ಪಳಿಸಿದರು. ಗುಜರಾತಿಯಲ್ಲಿ ‘ಸೂಡಿ ವಚ್ಚೆ ಸೋಪಾರಿ’ ಎನ್ನುತ್ತಾರಂತೆ, ಅರ್ಥವೂ ಅದೇ. ಆ ಅಡಿಕೆ ಎಲ್ಲಿಂದ ಬರುತ್ತದೆ ಎಂಬುದನ್ನು ನಾನು ಹೇಳಬೇಕಾಯಿತು. ದಕ್ಷಿಣ ಕನ್ನಡದ ಚಾಲಿ ಅಡಿಕೆಗೆ ಗುಜರಾತು ದೊಡ್ಡ ಮಾರುಕಟ್ಟೆ. ನಮ್ಮವರು ಸುಲಿದದ್ದನ್ನು ಇವರು ಕತ್ತರಿಸುತ್ತಾರೆ, ನಡುವೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್. ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿ ಇಪ್ಪತ್ತು ವರ್ಷ ದಾಟಿತು. ಹಾಗಾಗಿ ನಮ್ಮ ಗುಂಪಿನಲ್ಲಿ ಸೂಡಿಯನ್ನು ನೋಡುತ್ತೇವೆ, ಅಡಿಕೆ ತಿನ್ನುವುದಿಲ್ಲ. ಅಡಿಕೆಯ ದುಡ್ಡಿನಲ್ಲಿ ಓದಿದವನು ಈ ನಿಯಮ ಮಾಡಬಹುದೇ ಎಂಬುದು ಬೇರೆ ಲೇಖನದ ವಿಷಯ.

ಈಗ ಪ್ರಶ್ನೆಗೆ ಬರುತ್ತೇನೆ. ಚಾಕುವಿನಂಥ ಒಂದು ಸಣ್ಣ ವಸ್ತುವಿನ ಸುತ್ತ ಕಟ್ಟಿಕೊಂಡ ಸ್ನೇಹ ನಿಜವಾದ ಸ್ನೇಹವೇ? ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಎರಡು ಅಧ್ಯಾಯಗಳನ್ನೇ ಸ್ನೇಹಕ್ಕೆ ಕೊಟ್ಟಿದ್ದಾನೆ. ಉಪಯೋಗಕ್ಕಾಗಿ ಆದದ್ದು, ಸುಖಕ್ಕಾಗಿ ಆದದ್ದು, ಒಳ್ಳೆಯತನವನ್ನು ಮೆಚ್ಚಿ ಆದದ್ದು ಎಂದು ಮೂರು ಬಗೆ. ಮೊದಲೆರಡು ಬೇಗ ಮುರಿಯುತ್ತವೆ, ಏಕೆಂದರೆ ಅಲ್ಲಿ ನಾವು ಪ್ರೀತಿಸುವುದು ಮನುಷ್ಯನನ್ನಲ್ಲ, ಅವನಿಂದ ಸಿಗುವುದನ್ನು; ಸಿಗುವುದು ನಿಂತರೆ ಸ್ನೇಹವೂ ನಿಂತಿತು. ಊರು ಬಿಟ್ಟು ಬಂದವರಿಗೆ ಮೊದಲನೆಯ ಬಗೆಯ ಪರಿಚಯ ಚೆನ್ನಾಗಿರುತ್ತದೆ. ಕಂಪನಿ ಬದಲಿಸಿದ ಮೂರು ತಿಂಗಳಿಗೆ ಹಳೇ ಆಫೀಸಿನ ಎಷ್ಟು ಜನ ಫೋನ್ ಮಾಡುತ್ತಾರೆ ಲೆಕ್ಕ ಹಾಕಿ. ಕನ್ನಡ ಸಂಘದ ಸ್ನೇಹ ಅದಕ್ಕಿಂತ ಬೆಚ್ಚಗಿನದು, ಆದರೆ ಅಲ್ಲಿ ನಮ್ಮನ್ನು ಒಟ್ಟಿಗೆ ತಂದದ್ದು ನಮ್ಮ ಆಯ್ಕೆಯಲ್ಲ, ಹುಟ್ಟು.

ನಮ್ಮ ಗುಂಪು ಅರಿಸ್ಟಾಟಲನ ಎರಡನೆಯ ಬಗೆಯದ್ದು ಎಂದು ಒಪ್ಪಿಕೊಳ್ಳಬಹುದು. ಆದರೆ ಅವನ ವಿಂಗಡಣೆಯಲ್ಲಿ ವಸ್ತುವಿಗೆ ಜಾಗವೇ ಇಲ್ಲ ಎಂಬುದು ನನ್ನ ತಕರಾರು. ನಾವು ಒಬ್ಬರಿಂದೊಬ್ಬರು ಸುಖ ಪಡೆಯುತ್ತಿಲ್ಲ. ಒಟ್ಟಿಗೆ ಬೇರೊಂದನ್ನು ನೋಡಿ ಸುಖಪಡುತ್ತಿದ್ದೇವೆ. ಇಂಗ್ಲಿಷ್ ಲೇಖಕ ಸಿ. ಎಸ್. ಲೂಯಿಸ್ 1960ರ ಪುಸ್ತಕವೊಂದರಲ್ಲಿ ಈ ಭೇದ ಗುರುತಿಸಿದ: ಪ್ರೇಮಿಗಳು ಎದುರುಬದುರು ಕೂರುತ್ತಾರೆ, ಗೆಳೆಯರು ಪಕ್ಕಪಕ್ಕ ಕೂತು ಒಂದೇ ಕಡೆ ನೋಡುತ್ತಾರೆ. ಇದು ನನಗೆ ಪುಸ್ತಕಕ್ಕಿಂತ ಮೊದಲೇ ಗೊತ್ತಿತ್ತು. ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಅಂಗಳದಲ್ಲಿ ರಾತ್ರಿ ಹನ್ನೊಂದರವರೆಗೆ ಸುಲಿತ ನಡೆಯುತ್ತಿತ್ತು. ಸಾಲಾಗಿ ಮೆಟ್ಟುಗತ್ತಿಗಳು, ಕಣ್ಣು ಕೈಯ ಮೇಲೆ, ಬಾಯಿ ಮಾತಿನ ಮೇಲೆ. ಮುಯ್ಯಿಗೆ ಬಂದವರೂ ಕೂಲಿಗೆ ಬಂದವರೂ ಒಟ್ಟಿಗೆ ಕೂರುತ್ತಿದ್ದರು. ಹಗಲು ಎದುರು ನಿಂತು ಹೇಳಲಾರದ್ದನ್ನು, ಗಂಡನ ಕುಡಿತ, ಮಗಳ ಸಂಬಂಧ ಮುರಿದದ್ದು, ಎಲ್ಲವನ್ನೂ ಅಲ್ಲಿ ಅಡಿಕೆ ನೋಡುತ್ತಲೇ ಹೇಳುತ್ತಿದ್ದರು. ಈಗ ಸುಲಿಯುವ ಯಂತ್ರ ಬಂದಿದೆ. ಬೆರಳು ಉಳಿಯಿತು, ಒಳ್ಳೆಯದೇ. ಆ ಮಾತುಗಳು ಎಲ್ಲಿ ಹೋದವು ಎಂದು ಯಾರೂ ಕೇಳಲಿಲ್ಲ.

ಸೂರತ್‌ನ ಗೆಳೆಯ ತನ್ನ ತಂದೆಯ ಮರೆವಿನ ಕಾಯಿಲೆಯ ಬಗ್ಗೆ ನಮಗೆ ಹೇಳಿದ್ದು ಒಂದು ಒಪಿನೆಲ್‌ನ ಹಿಡಿಗೆ ಅಗಸೆ ಎಣ್ಣೆ ತಿಕ್ಕುತ್ತಾ. ತಲೆ ಎತ್ತಲಿಲ್ಲ. ನಾವೂ ಎತ್ತಲಿಲ್ಲ. ಕಾಫಿ ಡೇಯಲ್ಲಿ ಎದುರು ಕೂರಿಸಿ ‘ಹೇಗಿದ್ದೀಯ ನಿಜ ಹೇಳು’ ಎಂದಿದ್ದರೆ ಚೆನ್ನಾಗಿದ್ದೇನೆ ಎನ್ನುತ್ತಿದ್ದ. ನಲವತ್ತು ದಾಟಿದ ಗಂಡಸರಿಗೆ ಮಾತನಾಡಲು ಕೈಯಲ್ಲಿ ಏನಾದರೂ ಇರಬೇಕು, ಇದು ನನ್ನ ಅನುಭವ.

ವಸ್ತುವಿನ ಸ್ನೇಹಕ್ಕೆ ಅದರದ್ದೇ ರೋಗವೂ ಇದೆ. ಕೊಳ್ಳುವ ಚಟ. ಸೂರತ್‌ನವನ ಬಳಿ ಒಂದು ಹಂತದಲ್ಲಿ ಎಪ್ಪತ್ತು ಚಾಕುಗಳಿದ್ದವು, ಅರ್ಧಕ್ಕರ್ಧ ಹಣ್ಣಿನ ಮುಖ ನೋಡಿರಲಿಲ್ಲ. ಬಳಸದ ಚಾಕು ಮೊಂಡಾಗುವುದಿಲ್ಲ, ಮೊಂಡಾಗದಿದ್ದರೆ ಮಸೆಯುವುದಿಲ್ಲ, ಮಸೆಯದಿದ್ದರೆ ಸೇರುವ ನೆಪವೇ ಇಲ್ಲ. ಇದನ್ನು ಕಾಕಾ ಎಷ್ಟು ಸಲ ಹೇಳಿದರೆಂದರೆ ಕೊನೆಗೆ ಅವನು ಬೇಸತ್ತು ಬಹುಪಾಲು ಹಂಚಿಬಿಟ್ಟ. ಚಾಕು ಉಡುಗೊರೆ ಕೊಟ್ಟರೆ ಸ್ನೇಹ ಕಡಿಯುತ್ತದೆ ಎಂಬ ನಂಬಿಕೆ ಯುರೋಪಿನಲ್ಲೂ ಇದೆ. ಅದಕ್ಕೆ ಅಲ್ಲಿಯ ಪರಿಹಾರ, ಪಡೆದವನು ಒಂದು ನಾಣ್ಯ ಕೊಟ್ಟು ಅದನ್ನು ವ್ಯಾಪಾರ ಮಾಡಿಬಿಡುವುದು. ನಮ್ಮಲ್ಲೂ ಒಂದು ರೂಪಾಯಿ ದರ. ಗುಜರಾತಿಗಳಿಗೆ ಇದು ಬಲು ಇಷ್ಟವಾಯಿತು.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಸಾಣೆಯ ಗೆಳೆಯನ ವಿಷಯ ಹೇಳಬೇಕು.

ನಮ್ಮೆಲ್ಲರಿಗಿಂತ ಚಾಕು ಬಲ್ಲವನು ಅವನು. ಹರಿತ ಮಾಡುವಾಗ ಅಲಗಿನ ಆಚೆ ಬದಿಗೆ ಕೂದಲಿಗಿಂತ ಸಣ್ಣ ಉಕ್ಕಿನ ಎಳೆಯೊಂದು ಏಳುತ್ತದೆ. ಅದು ಎದ್ದಿತೋ ಇಲ್ಲವೋ ಎಂದು ನಾವು ಉಗುರಿನಿಂದ ನೋಡುತ್ತೇವೆ, ಅವನು ಕಲ್ಲಿನ ಸದ್ದಿನಿಂದಲೇ ಹೇಳುತ್ತಾನೆ. ಅವನಿಗೊಂದು ರೇಹಾದ ಚಪ್ಪು ಇದೆ, ಎಮ್ಮೆ ಕೊಂಬಿನ ಹಿಡಿ, ಮೂರು ಇಂಚಿನ ಅಲಗು. ಅದನ್ನು ಅವನು ಜೇಬಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಅಂಗಡಿಯ ಮೆಟ್ಟಿಲು ಇಳಿಯುವ ಮುಂಚೆ ಡ್ರಾಯರಿಗೆ ಹಾಕುತ್ತಾನೆ. ಏನೋ ಘಟನೆ ನಡೆದು ಹಾಗೆ ಮಾಡುತ್ತಿದ್ದಾನೆಂದಲ್ಲ, ಏನೂ ನಡೆಯಬಾರದೆಂದು. ಅವನ ಹೆಸರು ಕೇಳಿದರೆ ಧರ್ಮ ತಿಳಿಯುತ್ತದೆ. ನನ್ನ ಹೆಸರು ಕೇಳಿದರೆ ಈ ಊರಿನವರಿಗೆ ನಾನು ಮದ್ರಾಸಿಯೋ ಮರಾಠಿಯೋ ಎಂದೂ ತಿಳಿಯುವುದಿಲ್ಲ. ನನ್ನ ಜೇಬಿನ ಚಾಕು ಹಣ್ಣಿನದು. ಅವನ ಜೇಬಿನದು ಯಾವುದರದೆಂದು ಅವನು ವಿವರಿಸಬೇಕಾದೀತು, 2002 ಇನ್ನೂ ನೆನಪಿರುವ ಊರಿನಲ್ಲಿ. ನಮ್ಮಿಬ್ಬರ ಮನೆಗೂ ಏಳೆಂಟು ಕಿಲೋಮೀಟರ್. ಬಯಸಿದರೂ ಪಕ್ಕದ ಮನೆಯವರಾಗುವುದು ಸುಲಭವಲ್ಲ. 1991ರ ಅಶಾಂತ ಪ್ರದೇಶಗಳ ಕಾಯ್ದೆಯಡಿ ಗೊತ್ತುಮಾಡಿದ ಬಡಾವಣೆಗಳಲ್ಲಿ ಮನೆ ಮಾರಲು ಕಲೆಕ್ಟರರ ಪೂರ್ವಾನುಮತಿ ಬೇಕು.

ಕಾನೂನು ಏನೆನ್ನುತ್ತದೆ ಎಂದು ಸೂರತ್‌ನವನು ವಾದಿಸುತ್ತಾನೆ. ಆಯುಧ ನಿಯಮಗಳ ಪ್ರಕಾರ ಲೈಸೆನ್ಸಿನ ಮಾತು ಬರುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿಗೆ. ಮನೆಬಳಕೆ, ಕೃಷಿಯ ಉಪಕರಣಗಳು ಅದರಲ್ಲೂ ಇಲ್ಲ. ಸರಿ. ಆದರೆ 1951ರ ಪೊಲೀಸ್ ಕಾಯ್ದೆಯ 37ನೇ ಕಲಮಿನಡಿ ಅಧಿಸೂಚನೆ ಹೊರಡಿಸಿದರೆ ಚಾಕು, ದೊಣ್ಣೆ, ಹಿಂಸೆಗೆ ಬಳಸಬಹುದಾದ ಯಾವ ವಸ್ತುವನ್ನಾದರೂ ಒಯ್ಯುವುದನ್ನು ನಿಷೇಧಿಸಬಹುದು. ಆಗ ಮೂರು ಇಂಚಿನ ಅಲಗು ಹಣ್ಣಿಗೋ ಹಿಂಸೆಗೋ ಎಂದು ತೀರ್ಮಾನಿಸುವುದು ಅಳತೆಪಟ್ಟಿಯಲ್ಲ, ನೋಡುವ ಕಣ್ಣು. ಕಾನೂನಿಗೂ ಇದು ಗೊತ್ತು. ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ 25ನೇ ವಿಧಿಯಲ್ಲೇ ವಿವರಣೆ ಇದೆ. ಕೊಡವ ಮದುಮಗ ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡು ನಿಂತರೆ ಯಾರೂ ಹೆದರುವುದಿಲ್ಲ, ಫೋಟೋ ತೆಗೆಸಿಕೊಳ್ಳುತ್ತಾರೆ. ನಾವು ಆಯುಧಪೂಜೆಯ ದಿನ ಕುಡುಗೋಲು, ಕಾರು, ಲ್ಯಾಪ್‌ಟಾಪ್ ಎಲ್ಲಕ್ಕೂ ಒಂದೇ ಕುಂಕುಮ ಹಚ್ಚುತ್ತೇವೆ, ಎಲ್ಲವೂ ಆಯುಧವೇ. ವಸ್ತು ಏನೆಂಬುದನ್ನು ಹೊತ್ತವನೇ ನಿರ್ಧರಿಸುತ್ತಾನೆ ಎಂದು ಆ ದಿನ ಅನ್ನಿಸುತ್ತದೆ. ಉಳಿದ ದಿನ, ಹೊತ್ತವನನ್ನು ನೋಡುವವರು ನಿರ್ಧರಿಸುತ್ತಾರೆ.

ಹೊರಗೂ ಹೀಗೆ ಆಗಿದೆ. ಜಪಾನಿನ ಶಾಲಾಮಕ್ಕಳು ಪೆನ್ಸಿಲ್ ಹೆರೆಯಲು ಹಿಗೊನೊಕಾಮಿ ಎಂಬ ಮಡಚುವ ಚಾಕು ಇಟ್ಟುಕೊಳ್ಳುತ್ತಿದ್ದರು. 1960ರಲ್ಲಿ ಸಮಾಜವಾದಿ ನಾಯಕ ಅಸಾನುಮಾ ಅವರನ್ನು ಹದಿನೇಳರ ಹುಡುಗನೊಬ್ಬ ವೇದಿಕೆಯ ಮೇಲೆ ಇರಿದು ಕೊಂದ. ಅವನ ಕೈಯಲ್ಲಿದ್ದದ್ದು ಕಿರುಖಡ್ಗ, ಪೆನ್ಸಿಲ್ ಚಾಕುವಲ್ಲ. ಆದರೂ ಅದರ ಬೆನ್ನಿಗೇ ಮಕ್ಕಳ ಕೈಗೆ ಚಾಕು ಬೇಡ ಎಂಬ ಚಳವಳಿ ಹಬ್ಬಿತು. ಅಲ್ಲಿ ಎಲ್ಲ ಮಕ್ಕಳೂ ಒಟ್ಟಿಗೆ ಕಳೆದುಕೊಂಡರು. ನಮ್ಮ ಗುಂಪಿನಲ್ಲಿ ಒಬ್ಬನೇ ಕಳೆದುಕೊಂಡಿದ್ದಾನೆ, ಅದೂ ಯಾರೂ ಕಿತ್ತುಕೊಳ್ಳದೆ. ನನ್ನನ್ನು ಕೊರೆಯುವುದು ಈ ವ್ಯತ್ಯಾಸ.

ಗೆಳೆಯನಿಗಿಲ್ಲದ ಸುಖವನ್ನು ಅವನ ಪಕ್ಕದಲ್ಲೇ ಕೂತು ಅನುಭವಿಸಬಹುದೇ? ವಡೋದರದವರದ್ದು ಖಡಾಖಂಡಿತ ಉತ್ತರ: ಬಾರದು. “ಅವ ಒಯ್ಯಂಗಿಲ್ಲ ಅಂದ ಮ್ಯಾಲ ನಾವೂ ಒಯ್ಯೂದ ಬ್ಯಾಡ್ರಿ. ಸಮ ಅಂದ್ರ ಸಮ.” ಅವರು ಎರಡು ವರ್ಷದಿಂದ ಜೇಬಿನಲ್ಲಿ ಚಾಕು ಇಟ್ಟುಕೊಂಡಿಲ್ಲ. ಕೆತ್ತನೆಯ ಚಾಕು ಮನೆಯಲ್ಲೇ. ನಾನು ಇದನ್ನು ಬಹಳ ಯೋಚಿಸಿದೆ. ಉಪವಾಸ ಮಾಡುವ ಗೆಳೆಯನೆದುರು ಉಣ್ಣದಿರುವುದು ಸಭ್ಯತೆ. ಆದರೆ ಅವನು ಉಪವಾಸ ಮಾಡುತ್ತಿಲ್ಲ, ಅವನ ತಟ್ಟೆ ಸರಿಸಲಾಗಿದೆ. ನಾನೂ ತಟ್ಟೆ ಸರಿಸಿದರೆ ಅವನ ಹೊಟ್ಟೆ ತುಂಬುವುದಿಲ್ಲ. ನಾನು ಬೇಕೆಂದಾಗ ಮತ್ತೆ ಎಳೆದುಕೊಳ್ಳಬಹುದಾದ ತಟ್ಟೆಯನ್ನು ಸರಿಸುವುದರಲ್ಲಿ ಸ್ವಲ್ಪ ನಾಟಕವೂ ಇದೆ. ಅತ್ತ, ಏನೂ ಆಗಿಲ್ಲವೆಂಬಂತೆ ಚಪ್ಪು ತೆಗೆದು ಟಕ್ ಅನ್ನಿಸುವುದು ಸಾಧ್ಯವೇ ಇಲ್ಲ. ಆ ಸದ್ದು ಮೊದಲಿನಂತೆ ಕೇಳುವುದಿಲ್ಲ.

ಅರಿಸ್ಟಾಟಲ್ ಇಲ್ಲಿ ಉಪಯೋಗಕ್ಕೆ ಬರುತ್ತಾನೆ ಎಂದು ಕಾಣುತ್ತದೆ. ಸುಖದ ಸ್ನೇಹದಲ್ಲಿ ಇಬ್ಬರಿಗೂ ಒಂದೇ ಸುಖ ಸಿಕ್ಕರೆ ಅದು ಹೆಚ್ಚು ಬಾಳುತ್ತದೆ ಎನ್ನುತ್ತಾನೆ ಅವನು. ನಮ್ಮ ಸುಖ ಸಮವಲ್ಲ ಎಂದು ತಿಳಿದ ದಿನ ಈ ಸ್ನೇಹ ಮುರಿಯಬೇಕಿತ್ತು. ಮುರಿಯಲಿಲ್ಲ. ಬದಲಿಗೆ, ಹಣ್ಣು ಮತ್ತು ಅಲಗು ಬಿಟ್ಟು ಬೇರೇನನ್ನೂ ಮಾತನಾಡದಿದ್ದ ಐದು ಜನ ಮೊದಲ ಸಲ ಈ ಊರಿನ ಬಗ್ಗೆ ಮಾತನಾಡಿದೆವು. ಕಾಕಾ ಆ ಫೆಬ್ರವರಿಯಲ್ಲಿ ತಾವು ಏನು ಕಂಡರು ಎಂದು ಹೇಳಿದರು. ಸಾಣೆಯ ಗೆಳೆಯ ಹೆಚ್ಚು ಹೇಳಲಿಲ್ಲ. ಎಲ್ಲರೂ ಕಲ್ಲು ನೋಡುತ್ತಿದ್ದೆವು.

ಅವನ ಅಭಿಪ್ರಾಯ ಕೇಳದೆ ನಾವೇ ತೀರ್ಮಾನಿಸುವುದು ಸರಿಯಲ್ಲವೆಂದು ಕೇಳಿದೆವು. “ನೀವೆಲ್ಲ ಚಾಕು ಮನೆಯಲ್ಲಿಟ್ಟು ಬಂದರೆ ನಾನು ಮಸೆಯುವುದು ಏನನ್ನು ಭಾಯ್?” ಎಂದ. ಎಲ್ಲ ಚಾಕುಗಳನ್ನೂ ಅವನ ಅಂಗಡಿಯಲ್ಲೇ ಇಡೋಣ, ಸೇರಿದಾಗ ತೆಗೆಯೋಣ ಎಂದು ಸೂರತ್‌ನವನು ಸಲಹೆ ಕೊಟ್ಟಾಗ ಅವನಿಗೆ ನಗು ತಡೆಯಲಾಗಲಿಲ್ಲ. “ವಾಹ್! ನನ್ನ ಡ್ರಾಯರಿನಲ್ಲಿ ಐದು ಜನರ ಚಪ್ಪು!” ಸಲಹೆ ಕೊಟ್ಟವನಿಗೆ ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು.

ಸದ್ಯಕ್ಕೆ ನಡೆದಿರುವುದು ಇದು. ಚಳಿಗಾಲದಲ್ಲಿ ಸೂರತ್‌ನಲ್ಲಿ ಪೋಂಕ್ ಬರುತ್ತದೆ, ಎಳೆ ಜೋಳದ ತೆನೆ ಸುಟ್ಟು ಉದುರಿಸಿದ ಹಸಿರು ಕಾಳು. ವಡೋದರದವರು ಮೊದಲ ಹಿಡಿ ಬಾಯಿಗೆ ಹಾಕಿಕೊಂಡು “ಇದು ನಮ್ಮ ಸೀತನಿ ಅಲ್ಲೇನ್ರಿ!” ಎಂದು ಕೂಗಿದ್ದರು. ಹಾಗಾಗಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ನಮ್ಮ ಭಾನುವಾರ ಸೂರತ್‌ನಲ್ಲಿ. ಕಾಲೂಪುರ ಸ್ಟೇಷನ್ನಿಗೆ ಬರುವಾಗ ಸಾಣೆಯ ಗೆಳೆಯ ಕಲ್ಲುಗಳನ್ನು ಬಟ್ಟೆಯ ಚೀಲದಲ್ಲಿ ತರುತ್ತಾನೆ. ಅವನ ರೇಹಾ ಚಪ್ಪುವನ್ನು ನಾನು ಹಿಂದಿನ ದಿನವೇ ಅಂಗಡಿಯಿಂದ ತಂದು ನನ್ನ ಬ್ಯಾಗಿನಲ್ಲಿ ಇಟ್ಟುಕೊಂಡಿರುತ್ತೇನೆ. ಸೂರತ್‌ನವನ ಮನೆ ತಲುಪಿ ಬಾಗಿಲು ಹಾಕಿದ ಮೇಲೆ ಅದನ್ನು ಚಾಪೆಯ ಮೇಲಿಡುತ್ತೇನೆ, ಅವನು ಎತ್ತಿಕೊಳ್ಳುತ್ತಾನೆ, ಸಂಜೆಯವರೆಗೆ ಅವನದ್ದೇ ಚಾಕುವಿನಲ್ಲಿ ಪೇರಲೆ ಕೊಯ್ಯುತ್ತಾನೆ. ವಾಪಸು ಬರುವಾಗ ಮತ್ತೆ ನನ್ನ ಬ್ಯಾಗಿಗೆ.

ಇದು ಸ್ನೇಹವಲ್ಲ, ಪ್ರಾಜೆಕ್ಟ್ ಮ್ಯಾನೇಜರನೊಬ್ಬ ಹುಡುಕಿಕೊಂಡ ವರ್ಕ್‌ಅರೌಂಡ್ ಎಂದು ವಡೋದರದವರು ಹೇಳುತ್ತಾರೆ. ಸಮಸ್ಯೆ ಇದ್ದಲ್ಲೇ ಇದೆ, ನೀವು ಅವನ ಚಾಕುವಿಗೆ ಪಾಲಕರಾಗಿದ್ದೀರಿ ಅಷ್ಟೇ, ಇನ್ನೂ ಅಸಮವಾಯಿತು ಎಂಬುದು ಅವರ ವಾದ. ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಗೆಳೆಯನಿಗೆ ಇದು ಒಪ್ಪಿಗೆ ಎಂದು ನಾನು ಹೇಳಿದರೆ, ಒಪ್ಪದೆ ಅವನಿಗೆ ಬೇರೆ ದಾರಿ ಏನಿದೆ ಎಂದು ಕೇಳುತ್ತಾರೆ. ಕಳೆದ ಸಲ ಇದೇ ವಾದ ಭರೂಚ್ ದಾಟುವವರೆಗೆ ನಡೆಯಿತು. ಯಾರ ಬಗ್ಗೆ ವಾದ ನಡೆದಿತ್ತೋ ಅವನು ಕಿಟಕಿಯ ಪಕ್ಕ ಕೂತು, ನರ್ಮದೆಯ ಸೇತುವೆ ಬಂತು, ಯಾರಾದರೂ ನಾಣ್ಯ ಹಾಕುವವರಿದ್ದರೆ ಹಾಕಿ ಎಂದ.